26 ಇನ್ನಿಂಗ್ಸ್, 1–1: ನೂರು ವರ್ಷ ಹಳೆಯ ಬೇಸ್‌ಬಾಲ್ ಆಟವನ್ನು ನೋಟ್‌ಬುಕ್‌ನಲ್ಲಿ ಮತ್ತೆ ಆಡಿಸುವುದು ಹೇಗೆ

ಮೊದಲು ಈ ಎರಡು ಸಾಲು ನೋಡಿ. ಒಂದೊಂದು ಅಂಕಿ ಒಂದೊಂದು ಇನ್ನಿಂಗ್ಸ್‌ನಲ್ಲಿ ಬಂದ ರನ್, ಕೊನೆಯದು ಒಟ್ಟು.

ಬ್ರೂಕ್ಲಿನ್: 000 010 000 000 000 000 000 000 00 – 1
ಬಾಸ್ಟನ್: 000 001 000 000 000 000 000 000 00 – 1

ಇದು 1920ರ ಮೇ 1, ಶನಿವಾರ, ಬಾಸ್ಟನ್‌ನ ಬ್ರೇವ್ಸ್ ಫೀಲ್ಡ್ ಮೈದಾನದಲ್ಲಿ ನಡೆದ ಆಟ. ಬ್ರೂಕ್ಲಿನ್ ರಾಬಿನ್ಸ್ ಮತ್ತು ಬಾಸ್ಟನ್ ಬ್ರೇವ್ಸ್ ತಂಡಗಳು 26 ಇನ್ನಿಂಗ್ಸ್ ಆಡಿದವು, ಯಾರೂ ಗೆಲ್ಲಲಿಲ್ಲ. ಅಮೆರಿಕದ ಮೇಜರ್ ಲೀಗ್‌ನಲ್ಲಿ ಇಷ್ಟು ಇನ್ನಿಂಗ್ಸ್ ನಡೆದ ಇನ್ನೊಂದು ಆಟ ಇವತ್ತಿಗೂ ಇಲ್ಲ. ಎರಡೂ ತಂಡದ ಪಿಚರ್‌ಗಳು, ಅಂದರೆ ಚೆಂಡು ಎಸೆಯುವವರು, ಮೊದಲ ಎಸೆತದಿಂದ ಕೊನೆಯ ಎಸೆತದವರೆಗೆ ಮೈದಾನದಲ್ಲೇ ಇದ್ದರು. ಬ್ರೂಕ್ಲಿನ್ ಕಡೆ ಲಿಯಾನ್ ಕಡೋರ್, ಬಾಸ್ಟನ್ ಕಡೆ ಜೋ ಎಶ್ಗರ್. ಇಬ್ಬರಿಗೂ ಬದಲಿ ಬರಲಿಲ್ಲ.

ಈ ಸೊನ್ನೆಗಳನ್ನು ಮೊದಲ ಸಲ ನೋಡಿದಾಗ ನನಗೆ ಏನೂ ಅನ್ನಿಸಲಿಲ್ಲ. ಆಮೇಲೆ ಒಂದು ರಾತ್ರಿ ಕೂತು, ಹಳೆಯ ಸ್ಕೋರ್ ಇಟ್ಟುಕೊಂಡು, ಪೆನ್ಸಿಲ್ ಹಿಡಿದು ಆಟವನ್ನು ಚೌಕ ಚೌಕವಾಗಿ ಬರೆಯುತ್ತಾ ಹೋದೆ. ಹದಿನೇಳನೇ ಇನ್ನಿಂಗ್ಸ್ ಬರುವಷ್ಟರಲ್ಲಿ ಕುರ್ಚಿಯ ತುದಿಗೆ ಬಂದು ಕೂತಿದ್ದೆ. ಫಲಿತಾಂಶ ಗೊತ್ತಿದ್ದರೂ! ಆಗಲೇ ನಿಶ್ಚಯ ಮಾಡಿದೆ, ಇದನ್ನು ಕನ್ನಡದಲ್ಲಿ ಯಾರಿಗಾದರೂ ಹೇಳಿಕೊಡಲೇಬೇಕು ಅಂತ. ಈ ಆಟದ ಜೀವ ಇರುವುದು ಆ ಎರಡು 1ರಲ್ಲಿ ಅಲ್ಲ, ಸೊನ್ನೆಗಳಲ್ಲಿ. ಸೊನ್ನೆಯೊಳಗೆ ಇಣುಕುವುದು ಹೇಗೆ ಅನ್ನುವುದೇ ಈ ಬರಹ.

ಬೇಕಾಗುವುದು ಇಷ್ಟು: ಒಂದು ಉದ್ದನೆಯ ಹಾಳೆ, ಪೆನ್ಸಿಲ್, ರಬ್ಬರ್, ಸ್ಕೇಲ್, ಎರಡು ಮೂರು ಗಂಟೆ ಬಿಡುವು. ಬೇಸ್‌ಬಾಲ್ ಗೊತ್ತಿರಬೇಕು ಅಂತೇನಿಲ್ಲ. ಕ್ರಿಕೆಟ್ ಗೊತ್ತಿದ್ದರೆ ಅರ್ಧ ದಾರಿ ಬಂದ ಹಾಗೆ.

ಆಟದ ಲೆಕ್ಕ, ಕ್ರಿಕೆಟ್ ನೋಡುವವರಿಗೆ

ಒಂದು ಇನ್ನಿಂಗ್ಸ್ ಅಂದರೆ ಎರಡೂ ತಂಡ ಒಂದೊಂದು ಸಲ ಬ್ಯಾಟ್ ಮಾಡುವುದು. ಹೊರಗಿನಿಂದ ಬಂದ ತಂಡ ಮೊದಲು, ಮನೆಯ ತಂಡ ಆಮೇಲೆ. ಮೂರು ಔಟ್ ಆದರೆ ಆ ತಂಡದ ಸರದಿ ಮುಗಿಯಿತು. ಹೀಗೆ ಒಂಬತ್ತು ಇನ್ನಿಂಗ್ಸ್. ಒಂಬತ್ತರ ಕೊನೆಗೆ ಸಮ ಇದ್ದರೆ ಹತ್ತು, ಹನ್ನೊಂದು, ಹನ್ನೆರಡು ಅಂತ ಮುಂದುವರಿಯುತ್ತದೆ.

ಬ್ಯಾಟರ್ ನಿಲ್ಲುವ ಜಾಗ ಹೋಮ್ ಪ್ಲೇಟ್. ಅಲ್ಲಿಂದ ಫಸ್ಟ್ ಬೇಸ್, ಸೆಕೆಂಡ್ ಬೇಸ್, ಥರ್ಡ್ ಬೇಸ್ ಸುತ್ತಿ ಮತ್ತೆ ಹೋಮ್‌ಗೆ ಬಂದರೆ ಒಂದು ರನ್. ಒಂದೇ ಹೊಡೆತದಲ್ಲಿ ಸುತ್ತಬೇಕು ಅಂತಿಲ್ಲ, ಮಧ್ಯದ ಬೇಸ್‌ನಲ್ಲಿ ನಿಂತು ಮುಂದಿನ ಬ್ಯಾಟರ್ ಹೊಡೆಯುವುದನ್ನು ಕಾಯಬಹುದು. ಸರಿಯಾದ ಎಸೆತವನ್ನು ಬಿಟ್ಟರೆ ಅಥವಾ ಬೀಸಿ ತಪ್ಪಿದರೆ ಸ್ಟ್ರೈಕ್, ಮೂರು ಸ್ಟ್ರೈಕ್ ಆದರೆ ಔಟ್. ಸರಿಯಿಲ್ಲದ ನಾಲ್ಕು ಎಸೆತ ಬಂದರೆ ಬ್ಯಾಟರ್ ಪುಕ್ಕಟೆಯಾಗಿ ಫಸ್ಟ್ ಬೇಸ್‌ಗೆ ನಡೆದುಕೊಂಡು ಹೋಗುತ್ತಾನೆ, ಇದಕ್ಕೆ ವಾಕ್ ಅನ್ನುತ್ತಾರೆ. ಚೆಂಡು ನೆಲಕ್ಕೆ ಬಿದ್ದು ಉರುಳಿದರೆ ಫೀಲ್ಡರ್ ಅದನ್ನು ಹಿಡಿದು, ಬ್ಯಾಟರ್ ತಲುಪುವ ಮೊದಲು ಫಸ್ಟ್ ಬೇಸ್‌ಗೆ ಎಸೆದರೆ ಔಟ್. ನಮ್ಮ ರನ್ ಔಟ್ ಇದ್ದ ಹಾಗೆ, ಆದರೆ ಇಲ್ಲಿ ಅದು ಅಪರೂಪವಲ್ಲ, ಎರಡು ನಿಮಿಷಕ್ಕೊಮ್ಮೆ ಆಗುವ ಮಾತು.

ಇನ್ನೊಂದು ನಿಯಮ ಚೆನ್ನಾಗಿ ನೆನಪಿಡಿ, ಹದಿನೇಳನೇ ಇನ್ನಿಂಗ್ಸ್‌ಗೆ ಬೇಕು. ಹಿಂದಿನಿಂದ ಬರುವವನಿಗೆ ಜಾಗ ಬಿಡಲು ರನ್ನರ್ ಮುಂದಿನ ಬೇಸ್‌ಗೆ ಓಡಲೇಬೇಕಾದ ಸ್ಥಿತಿ ಇದ್ದರೆ, ಫೀಲ್ಡರ್ ಚೆಂಡು ಹಿಡಿದು ಆ ಬೇಸ್ ಮುಟ್ಟಿದರೆ ಸಾಕು, ರನ್ನರ್ ಔಟ್. ಇದು ಫೋರ್ಸ್ ಔಟ್. ಓಡಲೇಬೇಕಾದ ಒತ್ತಡ ಇಲ್ಲದೆ ತಾನಾಗಿ ಓಡಿದ್ದರೆ ಬೇಸ್ ಮುಟ್ಟಿದರೆ ಸಾಲದು, ಚೆಂಡಿರುವ ಕೈಯಿಂದ ರನ್ನರ್‌ನ ಮೈಯನ್ನೇ ಮುಟ್ಟಬೇಕು.

ಒಂಬತ್ತು ಜನ, ಒಂಬತ್ತು ನಂಬರ್

ಸ್ಕೋರ್ ಬರೆಯುವಾಗ ಫೀಲ್ಡರ್‌ಗಳ ಹೆಸರು ಬರೆಯುವುದಿಲ್ಲ, ನಂಬರ್ ಬರೆಯುತ್ತಾರೆ. ಪಿಚರ್ 1, ಕ್ಯಾಚರ್ (ಬ್ಯಾಟರ್ ಹಿಂದೆ ನಿಂತು ಚೆಂಡು ಹಿಡಿಯುವವನು) 2, ಫಸ್ಟ್ ಬೇಸ್ 3, ಸೆಕೆಂಡ್ ಬೇಸ್ 4, ಥರ್ಡ್ ಬೇಸ್ 5, ಶಾರ್ಟ್‌ಸ್ಟಾಪ್ 6, ಲೆಫ್ಟ್ ಫೀಲ್ಡ್ 7, ಸೆಂಟರ್ ಫೀಲ್ಡ್ 8, ರೈಟ್ ಫೀಲ್ಡ್ 9. ಎಲ್ಲರೂ ಎಡವುವುದು 5 ಮತ್ತು 6ರಲ್ಲಿ. ಶಾರ್ಟ್‌ಸ್ಟಾಪ್ ನಿಲ್ಲುವುದು ಸೆಕೆಂಡ್ ಮತ್ತು ಥರ್ಡ್ ಬೇಸ್‌ಗಳ ನಡುವೆ, ಆದರೆ ನಂಬರ್ ಥರ್ಡ್ ಬೇಸ್ ಆದ ಮೇಲೆ ಬರುತ್ತದೆ. ನಾನು ಮೊದಲ ಹಾಳೆಯಲ್ಲಿ ಅರ್ಧ ಆಟ ಇದನ್ನು ಅದಲು ಬದಲು ಬರೆದು ಅಳಿಸಿದ್ದೆ. ಹಾಳೆಯ ಮೂಲೆಯಲ್ಲಿ ಒಂದು ಸಣ್ಣ ಮೈದಾನ ಬರೆದು ನಂಬರ್ ಹಾಕಿಟ್ಟುಕೊಳ್ಳಿ, ಹತ್ತು ನಿಮಿಷದಲ್ಲಿ ಕೈಗೆ ರೂಢಿಯಾಗುತ್ತದೆ.

ಇವು ಬ್ಯಾಟಿಂಗ್ ಕ್ರಮದ ನಂಬರ್ ಅಲ್ಲ, ಜರ್ಸಿ ನಂಬರ್ ಕೂಡ ಅಲ್ಲ. 1920ರಲ್ಲಿ ಆಟಗಾರರ ಬೆನ್ನ ಮೇಲೆ ನಂಬರೇ ಇರಲಿಲ್ಲ. ಪ್ರೇಕ್ಷಕರು ಮುಖ ನೋಡಿ, ನಿಲ್ಲುವ ಭಂಗಿ ನೋಡಿ ಗುರುತು ಹಿಡಿಯಬೇಕಿತ್ತು.

ಈಗ 6-4-3 ಅಂತ ಬರೆದರೆ ಏನರ್ಥ? ಚೆಂಡು ಶಾರ್ಟ್‌ಸ್ಟಾಪ್ ಕೈಗೆ ಬಂತು, ಅವನು ಸೆಕೆಂಡ್ ಬೇಸ್‌ನವನಿಗೆ ಎಸೆದ, ಅವನು ಫಸ್ಟ್ ಬೇಸ್‌ಗೆ ಎಸೆದ. ಇಬ್ಬರು ಔಟ್. ಮೂರು ಅಂಕಿಗಳಲ್ಲಿ ಚೆಂಡು ಓಡಾಡಿದ ದಾರಿ ಪೂರ್ತಿ ಕಣ್ಣಿಗೆ ಕಟ್ಟುತ್ತದೆ. ಕ್ರಿಕೆಟ್ ಸ್ಕೋರ್ ಪುಸ್ತಕದಲ್ಲಿ ಈ ಸುಖ ಇಲ್ಲ. ನಮ್ಮೂರಿನ ಟೂರ್ನಮೆಂಟ್‌ಗಳಲ್ಲಿ ವರ್ಷಗಟ್ಟಲೆ ಸ್ಕೋರ್ ಬರೆದವನು ನಾನು. ರನ್ ಔಟ್ ಅಂತ ಬರೆದು ಬಿಟ್ಟರೆ ಅದು ಡೀಪ್‌ನಿಂದ ಬಂದ ನೇರ ಎಸೆತವೋ, ಇಬ್ಬರು ಬ್ಯಾಟ್ಸ್‌ಮನ್‌ಗಳ ಗೊಂದಲವೋ, ಹತ್ತು ವರ್ಷ ಆದ ಮೇಲೆ ಪುಸ್ತಕ ತೆಗೆದು ನೋಡಿದರೆ ಗೊತ್ತಾಗುವುದಿಲ್ಲ.

ಇದಕ್ಕೂ ಕ್ರಿಕೆಟ್‌ಗೂ ನೆಂಟಸ್ತನ ಇದೆ. ಬೇಸ್‌ಬಾಲ್ ಸ್ಕೋರ್ ಬರೆಯುವ ಪದ್ಧತಿಯನ್ನು ರೂಪಿಸಿದವರಲ್ಲಿ ಮುಖ್ಯ ಹೆಸರು ಹೆನ್ರಿ ಚಾಡ್ವಿಕ್. ಇಂಗ್ಲೆಂಡ್‌ನ ಎಕ್ಸೆಟರ್‌ನಲ್ಲಿ 1824ರಲ್ಲಿ ಹುಟ್ಟಿ, ಹುಡುಗನಾಗಿದ್ದಾಗಲೇ ಅಮೆರಿಕಕ್ಕೆ ಬಂದವರು, ನ್ಯೂಯಾರ್ಕ್‌ನಲ್ಲಿ ಕ್ರಿಕೆಟ್ ವರದಿ ಮಾಡುತ್ತಿದ್ದವರು. ಕ್ರಿಕೆಟ್ ಸ್ಕೋರ್ ಬರೆದು ಪಳಗಿದ ಕೈಯೇ ಬೇಸ್‌ಬಾಲ್‌ಗೆ ಕೋಷ್ಟಕ ಹಾಕಿಕೊಟ್ಟಿತು. ಮೂರು ಸ್ಟ್ರೈಕ್‌ಗೆ ಔಟ್ ಆದರೆ ಕೆ ಅಂತ ಬರೆಯುವುದು ಕೂಡ ಅವರಿಂದಲೇ ಬಂದದ್ದು. ಸ್ಟ್ರಕ್ ಅನ್ನುವ ಪದದ ಇಂಗ್ಲಿಷ್ ಕಾಗುಣಿತದ ಕೊನೆಯ ಅಕ್ಷರ ಅದು.

ಹಾಳೆ ತಯಾರಿ

ಅಂಗಡಿಯಲ್ಲಿ ಅಥವಾ ನೆಟ್‌ನಲ್ಲಿ ಸಿಗುವ ರೆಡಿ ಸ್ಕೋರ್ ಹಾಳೆಯಲ್ಲಿ ಸಾಮಾನ್ಯವಾಗಿ ಹತ್ತು ಹನ್ನೆರಡು ಇನ್ನಿಂಗ್ಸ್‌ಗೆ ಜಾಗ ಇರುತ್ತದೆ. ಈ ಆಟಕ್ಕೆ ಅದು ಸಾಲದು. ಎ3 ಹಾಳೆಯನ್ನು ಅಡ್ಡ ಇಟ್ಟುಕೊಳ್ಳಿ, ಇಲ್ಲವಾದರೆ ಎರಡು ಎ4 ಹಾಳೆ ಅಂಟಿಸಿ. ತಂಡಕ್ಕೊಂದು ಹಾಳೆ. ಎಡಗಡೆ ಹೆಸರು ಬರೆಯಲು ಜಾಗ ಬಿಟ್ಟು, 26 ಕಂಬ ಎಳೆಯಿರಿ. ಅಡ್ಡಕ್ಕೆ ಒಂಬತ್ತು ಸಾಲು, ಪ್ರತಿ ಸಾಲಿನಲ್ಲೂ ಬದಲಿ ಆಟಗಾರನ ಹೆಸರಿಗೆ ಒಂದಿಷ್ಟು ಜಾಗ. ಪ್ರತಿ ಚೌಕದೊಳಗೆ ಸಣ್ಣದೊಂದು ವಜ್ರಾಕೃತಿ ಬರೆದುಕೊಂಡರೆ ರನ್ನರ್ ಎಲ್ಲಿಯವರೆಗೆ ಹೋದ ಅನ್ನುವುದನ್ನು ಅದರ ಅಂಚಿನಲ್ಲೇ ಗೆರೆ ಎಳೆದು ತೋರಿಸಬಹುದು. ಕೆಳಗಿನ ಮೂಲೆ ಹೋಮ್, ಬಲ ಫಸ್ಟ್, ಮೇಲೆ ಸೆಕೆಂಡ್, ಎಡ ಥರ್ಡ್. ನಾಲ್ಕೂ ಅಂಚು ತುಂಬಿದರೆ ರನ್, ಒಳಗೆ ಪೆನ್ಸಿಲ್‌ನಿಂದ ಕಪ್ಪು ಮಾಡಿ.

ಈಗ ಹೆಸರುಗಳು, ಬ್ಯಾಟಿಂಗ್ ಕ್ರಮದಲ್ಲೇ ಬರೆಯಿರಿ. ಬ್ರೂಕ್ಲಿನ್ ಕಡೆ ಓಲ್ಸನ್ (4), ನೈಸ್ (9), ಜಾನ್‌ಸ್ಟನ್ (5), ವೀಟ್ (7), ಮೈಯರ್ಸ್ (8), ಕಾನೆಚಿ (3), ವಾರ್ಡ್ (6), ಕ್ರೂಗರ್ (2), ಕಡೋರ್ (1). ಮೈಯರ್ಸ್ ಜಾಗಕ್ಕೆ ಆಮೇಲೆ ಹುಡ್ ಬರುತ್ತಾನೆ, ಕ್ರೂಗರ್ ಜಾಗಕ್ಕೆ ಎಲಿಯಟ್. ಬಾಸ್ಟನ್ ಕಡೆ ಪೊವೆಲ್ (8), ಪಿಕ್ (4), ಮ್ಯಾನ್ (7), ಕ್ರೂಸ್ (9), ಹೋಲ್ಕಿ (3), ಬೋಕಲ್ (5), ಮ್ಯಾರನ್‌ವಿಲ್ (6), ಓನೀಲ್ (2), ಎಶ್ಗರ್ (1). ಓನೀಲ್ ಹೋದ ಮೇಲೆ ಕ್ಯಾಚರ್ ಆಗಿ ಹ್ಯಾಂಕ್ ಗೌಡಿ ಬರುತ್ತಾನೆ. ಈ ಗೌಡಿಯ ಹೆಸರಿನ ಕೆಳಗೆ ಒಂದು ಗೆರೆ ಎಳೆದಿಡಿ. ಮೊದಲ ಮಹಾಯುದ್ಧಕ್ಕೆ ಮೇಜರ್ ಲೀಗ್ ಆಟಗಾರರಲ್ಲಿ ಎಲ್ಲರಿಗಿಂತ ಮೊದಲು ಸೈನ್ಯ ಸೇರಿದವನು ಅವನೇ.

ಒಂದು ಮಾತು: ಪಿಚರ್‌ಗಳಿಬ್ಬರೂ ಒಂಬತ್ತನೇ ಸಾಲಿನಲ್ಲಿದ್ದಾರೆ, ಅಂದರೆ ಅವರೂ ಬ್ಯಾಟ್ ಮಾಡುತ್ತಾರೆ. ಪಿಚರ್ ಬದಲು ಬೇರೊಬ್ಬ ಬ್ಯಾಟ್ ಮಾಡುವ ಈಗಿನ ನಿಯಮ ಆಗ ಇರಲಿಲ್ಲ. 26 ಇನ್ನಿಂಗ್ಸ್ ಎಸೆದದ್ದಲ್ಲದೆ ಅಷ್ಟೂ ಹೊತ್ತು ಬ್ಯಾಟ್ ಹಿಡಿದು ಓಡಿದವರು ಅವರು.

ಬರೆಯುವ ಮೊದಲು ಆ ದಿನವನ್ನು ಮನಸ್ಸಿಗೆ ತಂದುಕೊಳ್ಳಿ

ಇದನ್ನು ಬಿಡಬೇಡಿ. ಇವತ್ತಿನ ಸ್ಟೇಡಿಯಂ ಮನಸ್ಸಿನಲ್ಲಿ ಇಟ್ಟುಕೊಂಡು ಬರೆದರೆ ಆಟ ಸುಳ್ಳಾಗುತ್ತದೆ.

ಬೆಳಿಗ್ಗೆ ಮಳೆ ಬಂದಿತ್ತು. ಥಂಡಿ, ಮೋಡ. ಬ್ರೇವ್ಸ್ ಫೀಲ್ಡ್ 1915ರಲ್ಲಿ ಕಟ್ಟಿದ ದೊಡ್ಡ ಮೈದಾನ, ಸುಮಾರು 40,000 ಜನ ಹಿಡಿಸುತ್ತಿತ್ತು, ಅವತ್ತು ಬಂದವರು ಸುಮಾರು 4,500 ಜನ. ಮಧ್ಯಾಹ್ನ 3 ಗಂಟೆಗೆ ಆಟ ಶುರು. ದೀಪ ಇಲ್ಲ. ಮೇಜರ್ ಲೀಗ್‌ನಲ್ಲಿ ದೀಪದ ಬೆಳಕಿನಲ್ಲಿ ಮೊದಲ ಆಟ ನಡೆದದ್ದು 1935ರ ಮೇ 24ರಂದು, ಸಿನ್ಸಿನಾಟಿಯಲ್ಲಿ. ಹಾಗಾಗಿ ಈ ಆಟಕ್ಕೆ ಸೂರ್ಯನೇ ಗಡಿಯಾರ.

ಅಂಪೈರ್‌ಗಳು ಇಬ್ಬರೇ. ಹೋಮ್ ಪ್ಲೇಟ್ ಹಿಂದೆ ಬ್ಯಾರಿ ಮೆಕಾರ್ಮಿಕ್, ಬೇಸ್‌ಗಳ ಹತ್ತಿರ ಬಾಬ್ ಹಾರ್ಟ್. ತಲೆಗೆ ಹೆಲ್ಮೆಟ್ ಇಲ್ಲ. ಗ್ಲೌಸ್ ಚಿಕ್ಕದು. ಚೆಂಡನ್ನು ಸುಮ್ಮನೆ ಬದಲಾಯಿಸುತ್ತಿರಲಿಲ್ಲ, ಕೊಳೆಯಾಗಿ ಕಪ್ಪಾದ ಚೆಂಡಿನಲ್ಲೇ ಆಟ ಮುಂದುವರಿಯುತ್ತಿತ್ತು. ಅದೇ ವರ್ಷ ಆಗಸ್ಟ್‌ನಲ್ಲಿ ಕ್ಲೀವ್‌ಲ್ಯಾಂಡ್‌ನ ರೇ ಚಾಪ್‌ಮನ್ ತಲೆಗೆ ಚೆಂಡು ಬಡಿದು ತೀರಿಕೊಂಡ. ಮಾಸಿದ ಚೆಂಡನ್ನು ಆಟದಿಂದ ತೆಗೆಯಬೇಕು ಅನ್ನುವುದು ಗಟ್ಟಿಯಾದದ್ದು ಅದರ ನಂತರ. ಚೆಂಡಿಗೆ ಉಗುಳು ಹಚ್ಚಿ ಎಸೆಯುವುದನ್ನು 1920ರ ಶುರುವಿನಲ್ಲೇ ನಿಷೇಧಿಸಿದ್ದರು, ಆದರೆ ಅದನ್ನೇ ನಂಬಿ ಬದುಕುತ್ತಿದ್ದ ಕೆಲವು ಪಿಚರ್‌ಗಳಿಗೆ ವಿನಾಯಿತಿ ಕೊಟ್ಟಿದ್ದರು. ದೊಡ್ಡ ಹೊಡೆತಗಳಿಗೆ ಹೆಸರಾದ ಬೇಬ್ ರೂತ್‌ನನ್ನು ಬಾಸ್ಟನ್‌ನ ಇನ್ನೊಂದು ತಂಡ ನ್ಯೂಯಾರ್ಕ್‌ಗೆ ಮಾರಿದ ಸುದ್ದಿ ಹೊರಬಂದು ನಾಲ್ಕು ತಿಂಗಳಷ್ಟೇ ಆಗಿತ್ತು. ಸಿಕ್ಸರ್ ಹಾಗೆ ಚೆಂಡನ್ನು ಹೊರಗೆ ಎತ್ತುವ ಕಾಲ ಇನ್ನೂ ಪೂರ್ತಿ ಬಂದಿರಲಿಲ್ಲ. ಒಂದು ರನ್ ಕದಿಯುವುದು, ಒಂದು ಬೇಸ್ ಮುಂದೆ ತಳ್ಳುವುದು, ಇದೇ ಆಟ.

ಕಡೋರ್ ಮತ್ತು ಎಶ್ಗರ್ ಒಬ್ಬರಿಗೊಬ್ಬರು ಹೊಸಬರಲ್ಲ. ಅದೇ ಏಪ್ರಿಲ್‌ನಲ್ಲಿ ಇವರಿಬ್ಬರೇ ಎದುರಾಗಿ, 11 ಇನ್ನಿಂಗ್ಸ್ ಆದ ಮೇಲೆ ಕಡೋರ್ 1–0ಗೆ ಗೆದ್ದಿದ್ದ. ಅದರ ಹಿಂದಿನ ವರ್ಷ, 1919ರ ಏಪ್ರಿಲ್ 30ರಂದು, ಎಶ್ಗರ್ ಫಿಲಡೆಲ್ಫಿಯಾ ಪರ ಇದೇ ಬ್ರೂಕ್ಲಿನ್ ವಿರುದ್ಧ 20 ಇನ್ನಿಂಗ್ಸ್ ಎಸೆದಿದ್ದ. ಅದೂ ಸಮ, 9–9. ಇಂಥ ಮನುಷ್ಯ ಅವನು.

ಐದು ಮತ್ತು ಆರು

ಮೊದಲ ನಾಲ್ಕು ಇನ್ನಿಂಗ್ಸ್ ಬೇಗ ದಾಟಿಕೊಳ್ಳಿ. ಐದನೇ ಇನ್ನಿಂಗ್ಸ್‌ಗೆ ಬನ್ನಿ, ಬ್ರೂಕ್ಲಿನ್ ಬ್ಯಾಟಿಂಗ್. ಕ್ರೂಗರ್‌ಗೆ ವಾಕ್. ಅವನ ಚೌಕದಲ್ಲಿ ಹೋಮ್‌ನಿಂದ ಫಸ್ಟ್‌ಗೆ ಗೆರೆ ಎಳೆದು ಪಕ್ಕದಲ್ಲಿ ‘ವಾ’ ಅಂತ ಬರೆಯಿರಿ. ಚಿಹ್ನೆ ನಿಮ್ಮದೇ ಇರಲಿ, ಕನ್ನಡದಲ್ಲೇ ಇರಲಿ, ನಿಮಗೆ ಅರ್ಥವಾದರೆ ಸಾಕು. ಆಮೇಲೆ ಕಡೋರ್ ಹೊಡೆದ ಚೆಂಡು ನೇರ ಪಿಚರ್ ಎಶ್ಗರ್ ಕಡೆ. ಅವನು ಅದನ್ನು ಫಸ್ಟ್ ಬೇಸ್‌ಗೆ ಎಸೆದ, ಕಡೋರ್ ಔಟ್. ಕಡೋರ್ ಚೌಕದಲ್ಲಿ 1-3. ಅಷ್ಟರಲ್ಲಿ ಕ್ರೂಗರ್ ಸೆಕೆಂಡ್ ಬೇಸ್ ಸೇರಿದ್ದಾನೆ, ಅವನ ಗೆರೆ ಮುಂದುವರಿಸಿ. ಮುಂದಿನವನು ಓಲ್ಸನ್, ಶಾರ್ಟ್‌ಸ್ಟಾಪ್ ತಲೆಯ ಮೇಲಿಂದ ಒಂದು ಹಿಟ್, ಅಂದರೆ ಔಟ್ ಆಗದೆ ಬೇಸ್ ತಲುಪಿಸುವ ಹೊಡೆತ. ಕ್ರೂಗರ್ ಥರ್ಡ್ ದಾಟಿ ಹೋಮ್‌ಗೆ. ವಜ್ರ ಕಪ್ಪು ಮಾಡಿ. ಬ್ರೂಕ್ಲಿನ್ 1.

ಆರನೇ ಇನ್ನಿಂಗ್ಸ್, ಬಾಸ್ಟನ್ ಸರದಿ. ಕ್ರೂಸ್ ಹೊಡೆದ, ಮೂರು ಬೇಸ್ ಓಡಿದ. ಚೌಕದಲ್ಲಿ ಮೂರು ಅಡ್ಡಗೆರೆ, ವಜ್ರದ ಮೂರು ಅಂಚು ತುಂಬಿ. ಬೋಕಲ್‌ನ ಹಿಟ್‌ಗೆ ಕ್ರೂಸ್ ಹೋಮ್ ತಲುಪಿದ. 1–1. ಇಲ್ಲಿಗೆ ನಿಲ್ಲಿಸಬೇಡಿ, ಮುಂದೆ ಮ್ಯಾರನ್‌ವಿಲ್ ಎರಡು ಬೇಸ್‌ನ ಹಿಟ್ ಹೊಡೆದ, ಬೋಕಲ್ ಫಸ್ಟ್‌ನಿಂದ ಹೊರಟು ಹೋಮ್‌ವರೆಗೂ ಓಡಿದ, ಪ್ಲೇಟ್ ಹತ್ತಿರ ಔಟ್ ಆದ. ಅವನ ವಜ್ರದಲ್ಲಿ ನಾಲ್ಕನೇ ಅಂಚು ಅರ್ಧಕ್ಕೆ ನಿಲ್ಲುತ್ತದೆ. ಆ ಅರ್ಧ ಗೆರೆ ನೋಡಿ. ಅದು ಪೂರ್ತಿಯಾಗಿದ್ದರೆ ಬಾಸ್ಟನ್‌ಗೆ 2 ರನ್, ಒಂಬತ್ತಕ್ಕೆ ಆಟ ಮುಗಿದು ಎಲ್ಲರೂ ಊಟದ ಹೊತ್ತಿಗೆ ಮನೆಯಲ್ಲಿರುತ್ತಿದ್ದರು, ನಾವು ಈ ಆಟದ ಹೆಸರನ್ನೂ ಕೇಳುತ್ತಿರಲಿಲ್ಲ.

ಇದಾದ ಮೇಲೆ ಇಪ್ಪತ್ತು ಇನ್ನಿಂಗ್ಸ್, ಎರಡೂ ಕಡೆ, ರನ್ ಇಲ್ಲ.

ಒಂಬತ್ತು

ಒಂಬತ್ತನೇ ಇನ್ನಿಂಗ್ಸ್‌ನ ಕೆಳಭಾಗ, ಅಂದರೆ ಬಾಸ್ಟನ್ ಬ್ಯಾಟಿಂಗ್. ಮೂರೂ ಬೇಸ್‌ನಲ್ಲಿ ರನ್ನರ್‌ಗಳು. ಒಬ್ಬನೇ ಔಟ್. ಇಲ್ಲಿ ಒಂದು ರನ್ ಬಂದರೆ ಆಟ ಅಲ್ಲೇ ಮುಗಿಯಿತು. ಬ್ಯಾಟ್ ಹಿಡಿದವನು ಚಾರ್ಲಿ ಪಿಕ್. ಚೆಂಡು ನೆಲದ ಮೇಲೆ ಓಲ್ಸನ್ ಕಡೆ. ಓಲ್ಸನ್ ಚೆಂಡು ಹಿಡಿದು, ಪಕ್ಕದಲ್ಲೇ ಓಡುತ್ತಿದ್ದ ರನ್ನರ್‌ನನ್ನು ಮುಟ್ಟಿ, ಫಸ್ಟ್ ಬೇಸ್‌ಗೆ ಎಸೆದ. ಇಬ್ಬರು ಔಟ್. ಪಿಕ್ ಚೌಕದಲ್ಲಿ 4-3, ಡಬಲ್ ಪ್ಲೇ, ಅದರ ಸುತ್ತ ಒಂದು ವೃತ್ತ.

ಪಿಕ್ ಸಾಲನ್ನು ಕೊನೆಯವರೆಗೆ ಗಮನಿಸುತ್ತಾ ಹೋಗಿ. ಅವತ್ತು ಅವನು 11 ಸಲ ಬ್ಯಾಟ್ ಮಾಡಿ ಒಂದೂ ಹಿಟ್ ಪಡೆಯಲಿಲ್ಲ. ಹಾಳೆಯ ಎರಡನೇ ಸಾಲಿನಲ್ಲಿ ಎಡದಿಂದ ಬಲಕ್ಕೆ ಬರೀ ಔಟ್. ಬರೆಯುವಾಗ ನಿಜವಾಗಿಯೂ ಕರುಳು ಚುರ್ ಅನ್ನುತ್ತದೆ.

ಹದಿನೇಳು

ಇಲ್ಲಿ ಪೆನ್ಸಿಲ್ ಚೂಪು ಮಾಡಿಕೊಳ್ಳಿ. ಅವಸರ ಬೇಡ.

ಬ್ರೂಕ್ಲಿನ್ ಬ್ಯಾಟಿಂಗ್. ವೀಟ್ ಹಿಟ್ ಹೊಡೆದು ಫಸ್ಟ್ ಬೇಸ್‌ಗೆ ಹೋದ. ಹುಡ್ ತಾನು ಔಟ್ ಆಗುವುದು ಗೊತ್ತಿದ್ದೂ ಚೆಂಡನ್ನು ಮೆಲ್ಲಗೆ ತಳ್ಳಿ ವೀಟ್‌ನನ್ನು ಸೆಕೆಂಡ್‌ಗೆ ಕಳಿಸಿದ. ಇದಕ್ಕೆ ಸ್ಯಾಕ್ರಿಫೈಸ್ ಅನ್ನುತ್ತಾರೆ, ‘ಸ್ಯಾ’ ಅಂತ ಬರೆದುಕೊಳ್ಳಿ. ಒಂದು ಔಟ್. ಕಾನೆಚಿ ಬೇಸ್ ತಲುಪಿದ, ವಾರ್ಡ್ ಕೂಡ ತಲುಪಿದ. ಈಗ ಥರ್ಡ್‌ನಲ್ಲಿ ವೀಟ್, ಸೆಕೆಂಡ್‌ನಲ್ಲಿ ಕಾನೆಚಿ, ಫಸ್ಟ್‌ನಲ್ಲಿ ವಾರ್ಡ್. ಬ್ಯಾಟ್ ಹಿಡಿದು ಬಂದವನು ಎಲಿಯಟ್.

ಎಲಿಯಟ್ ಹೊಡೆದ ಚೆಂಡು ಪಿಚರ್ ಎಶ್ಗರ್ ಕೈಗೇ ಬಂತು. ಎಶ್ಗರ್ ತಡಮಾಡದೆ ಹೋಮ್‌ನಲ್ಲಿದ್ದ ಗೌಡಿಗೆ ಎಸೆದ. ವೀಟ್ ಓಡಲೇಬೇಕಾಗಿತ್ತು, ಆದ್ದರಿಂದ ಗೌಡಿ ಪ್ಲೇಟ್ ಮುಟ್ಟಿದರೆ ಸಾಕಾಯಿತು. ಎರಡು ಔಟ್. ಗೌಡಿ ಕೂಡಲೇ ಫಸ್ಟ್ ಬೇಸ್‌ಗೆ ಎಸೆದ, ಎಲಿಯಟ್‌ನನ್ನೂ ಔಟ್ ಮಾಡಿ ಇನ್ನಿಂಗ್ಸ್ ಮುಗಿಸಲು. ಎಸೆತ ಕೆಳಕ್ಕೆ ಹೋಯಿತು. ಹೋಲ್ಕಿ ಕೈಯಲ್ಲಿ ಚೆಂಡು ನಿಲ್ಲಲಿಲ್ಲ.

ಅದನ್ನು ನೋಡಿದ್ದೇ ತಡ, ಸೆಕೆಂಡ್‌ನಿಂದ ಹೊರಟಿದ್ದ ಕಾನೆಚಿ ಥರ್ಡ್‌ನಲ್ಲಿ ನಿಲ್ಲದೆ ನೇರ ಹೋಮ್ ಕಡೆ ನುಗ್ಗಿದ. ಹೋಲ್ಕಿ ಚೆಂಡು ಹೇಗೋ ಹಿಡಿದು ವಾಪಸ್ ಗೌಡಿಗೆ ಎಸೆದ. ಕಾನೆಚಿ ಥರ್ಡ್‌ವರೆಗೆ ಓಡಲೇಬೇಕಿತ್ತು, ಅಲ್ಲಿಂದ ಹೋಮ್‌ಗೆ ತಾನಾಗಿ ಓಡಿದ. ಹಾಗಾಗಿ ಪ್ಲೇಟ್ ಮುಟ್ಟಿದರೆ ಸಾಲದು, ಮೈ ಮುಟ್ಟಬೇಕು. ಗೌಡಿ ಚೆಂಡು ಹಿಡಿದ ಕೈ ಚಾಚಿಕೊಂಡು ಪ್ಲೇಟ್‌ಗೆ ಅಡ್ಡವಾಗಿ ಹಾರಿದ, ಜಾರಿ ಬರುತ್ತಿದ್ದ ಕಾನೆಚಿಯ ಮೊಳೆ ಬೂಟಿಗೆ ಎದುರಾಗಿ. ಮುಟ್ಟಿದ. ಔಟ್.

ಇದನ್ನು ಹಾಳೆಯಲ್ಲಿ ಬರೆಯುವುದು ಹೇಗೆ? 1-2-3-2. ನಾಲ್ಕೇ ಅಂಕಿ. ಪಿಚರ್, ಕ್ಯಾಚರ್, ಫಸ್ಟ್ ಬೇಸ್, ಮತ್ತೆ ಕ್ಯಾಚರ್. ಎಲಿಯಟ್ ಚೌಕದಲ್ಲಿ ಇದನ್ನು ಬರೆದು, ವೀಟ್ ಚೌಕದಲ್ಲಿ 1-2, ಕಾನೆಚಿ ಚೌಕದಲ್ಲಿ 3-2 ಅಂತ ಹಾಕಿ, ಎರಡನ್ನೂ ಒಂದು ಗೆರೆಯಿಂದ ಜೋಡಿಸಿ. ಆಮೇಲೆ ಕಂಬದ ಕೆಳಗೆ ರನ್ ಬರೆಯುವ ಜಾಗದಲ್ಲಿ ಒಂದು ಸೊನ್ನೆ. ಈಗ ಬರಹದ ಶುರುವಿಗೆ ಹೋಗಿ ಬ್ರೂಕ್ಲಿನ್ ಸಾಲಿನಲ್ಲಿ ಹದಿನೇಳನೇ ಸೊನ್ನೆ ಎಣಿಸಿ ನೋಡಿ. ಅದೂ ಉಳಿದ ಸೊನ್ನೆಗಳ ಹಾಗೇ ಇದೆ, ಅಲ್ವಾ?

ಹದಿನೆಂಟರಿಂದ ಇಪ್ಪತ್ತಾರು

ಇಲ್ಲಿ ಎಶ್ಗರ್ ಕಂಬಗಳನ್ನು ನೋಡಿ. ಹದಿನೇಳರ ನಂತರದ ಒಂಬತ್ತು ಇನ್ನಿಂಗ್ಸ್‌ನಲ್ಲಿ ಬ್ರೂಕ್ಲಿನ್‌ಗೆ ಒಂದೂ ಹಿಟ್ ಸಿಗಲಿಲ್ಲ. ಒಂಬತ್ತು ಇನ್ನಿಂಗ್ಸ್ ಅಂದರೆ ಒಂದು ಪೂರ್ತಿ ಆಟ. ಆಟವೊಂದರಲ್ಲಿ ಹಿಟ್ ಕೊಡದಿರುವುದನ್ನು ಪಿಚರ್‌ಗಳು ಜೀವಮಾನದ ಸಾಧನೆ ಅಂತ ನೆನೆಯುತ್ತಾರೆ, ಇವನು ಅದನ್ನು 17 ಇನ್ನಿಂಗ್ಸ್ ಎಸೆದು ದಣಿದ ಮೇಲೆ ಮಾಡಿದ. ಒಟ್ಟು ಅವನು ಕೊಟ್ಟದ್ದು 9 ಹಿಟ್, ಕಡೋರ್ ಕೊಟ್ಟದ್ದು 15.

ಈ ಭಾಗದಲ್ಲಿ ಚೌಕಕ್ಕೊಂದು ವಿವರ ಹುಡುಕುವುದು ಸ್ವಲ್ಪ ಕಷ್ಟದ ಕೆಲಸ. ಹಳೆಯ ಆಟಗಳ ಸ್ಕೋರ್‌ಗೆ ರೆಟ್ರೋಶೀಟ್ ಮತ್ತು ಬೇಸ್‌ಬಾಲ್ ರೆಫರೆನ್ಸ್ ತಾಣಗಳು ಚೆನ್ನಾಗಿವೆ, ದುಡ್ಡು ಕೊಡಬೇಕಿಲ್ಲ. ಆ ಕಾಲದ ಪತ್ರಿಕೆಗಳ ಸ್ಕ್ಯಾನ್ ಪುಟಗಳು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ತಾಣದಲ್ಲಿ ಸಿಗುತ್ತವೆ. ಮರುದಿನದ ಪತ್ರಿಕೆ ತೆಗೆದು ಓದಿ, ಅಕ್ಷರ ಮಸುಕಾಗಿರುತ್ತದೆ, ದೊಡ್ಡದು ಮಾಡಿಕೊಂಡು ತಾಳ್ಮೆಯಿಂದ ಓದಿದರೆ ತುಂಬಾ ವಿಷಯ ಸಿಗುತ್ತದೆ. ಸಿಗದ ಚೌಕದಲ್ಲಿ ಕಲ್ಪನೆಯಿಂದ ಏನೂ ತುಂಬಬೇಡಿ. ಖಾಲಿ ಬಿಡಿ, ಅಥವಾ ಔಟ್ ಅಂತ ಮಾತ್ರ ಗೊತ್ತಿದ್ದರೆ ಒಂದು ಚುಕ್ಕಿ ಇಡಿ. ಇದು ನನ್ನ ಕಟ್ಟುನಿಟ್ಟಾದ ನಿಯಮ.

ವಿವರ ಸಿಗದಿದ್ದರೂ ಕೋಷ್ಟಕದ ಒಂದು ಕಂಬ ತುಂಬಾ ಮಾತಾಡುತ್ತದೆ. ಅದು ಪಿಒ, ಅಂದರೆ ಪುಟ್‌ಔಟ್, ಯಾವ ಫೀಲ್ಡರ್ ಕೈಯಲ್ಲಿ ಕೊನೆಗೆ ಎಷ್ಟು ಔಟ್ ಆದವು ಅನ್ನುವ ಲೆಕ್ಕ. ಹೋಲ್ಕಿ ಹೆಸರಿನ ಮುಂದೆ 42 ಇದೆ. 26 ಇನ್ನಿಂಗ್ಸ್‌ಗೆ ಮೂರರಂತೆ ಬಾಸ್ಟನ್ ಮಾಡಿದ ಔಟ್ 78. ಅದರಲ್ಲಿ 42 ಒಬ್ಬನ ಕೈಯಲ್ಲಿ, ಅರ್ಧಕ್ಕಿಂತ ಜಾಸ್ತಿ. ಇದರಿಂದ ಏನು ತಿಳಿಯುತ್ತದೆ? ಬ್ರೂಕ್ಲಿನ್‌ನವರಿಗೆ ಎಶ್ಗರ್ ಚೆಂಡನ್ನು ಎತ್ತಲು ಆಗುತ್ತಿರಲಿಲ್ಲ. ಹೊಡೆದದ್ದೆಲ್ಲ ನೆಲಕ್ಕೆ, ನೆಲದಿಂದ ಫೀಲ್ಡರ್ ಕೈಗೆ, ಅಲ್ಲಿಂದ ಫಸ್ಟ್ ಬೇಸ್‌ಗೆ. ನಿಮ್ಮ ಹಾಳೆಯಲ್ಲಿ 6-3, 4-3, 5-3 ತುಂಬಿಕೊಳ್ಳುವುದನ್ನು ನೋಡಿದರೆ ಎಶ್ಗರ್ ಹೇಗೆ ಎಸೆದಿರಬಹುದು ಅಂತ ಕಣ್ಣಿಗೆ ಕಾಣುತ್ತದೆ.

ಒಂದು ಕಂಬ ಮಾತ್ರ ಈ ಹಳೆಯ ಸ್ಕೋರ್‌ನಲ್ಲಿ ಇಲ್ಲ. ಎಷ್ಟು ಎಸೆತ ಅಂತ. ಈಗ ಪಿಚರ್ ನೂರು ಎಸೆತದ ಹತ್ತಿರ ಬಂದರೆ ಕೋಚ್ ಎದ್ದು ನಿಲ್ಲುತ್ತಾನೆ. ಆಗ ಅದನ್ನು ಸ್ಕೋರ್‌ನಲ್ಲಿ ಬರೆಯುವ ರೂಢಿಯೇ ಇರಲಿಲ್ಲ.

ತಾಳೆ ನೋಡುವುದು

ಬರೆದದ್ದು ಸರಿಯೇ ಅಂತ ನೋಡಲು ಒಂದು ಚೆಂದದ ದಾರಿ ಇದೆ. ಒಂದು ತಂಡದ ಎಷ್ಟು ಬ್ಯಾಟರ್‌ಗಳು ಪ್ಲೇಟ್‌ಗೆ ಬಂದರು ಅಂತ ಎಣಿಸಿ. ಬಂದವನಿಗೆ ಮೂರೇ ಗತಿ: ಔಟ್ ಆಗಿರಬೇಕು, ರನ್ ಮಾಡಿರಬೇಕು, ಇಲ್ಲವೇ ಇನ್ನಿಂಗ್ಸ್ ಮುಗಿದಾಗ ಯಾವುದೋ ಬೇಸ್‌ನಲ್ಲಿ ಉಳಿದಿರಬೇಕು. ಹಾಗಾಗಿ ಔಟ್, ರನ್, ಉಳಿದವರು, ಈ ಮೂರನ್ನೂ ಕೂಡಿಸಿದರೆ ಬಂದವರ ಲೆಕ್ಕಕ್ಕೆ ಸರಿಹೊಂದಲೇಬೇಕು. ಮಾಮೂಲಿ ಆಟದಲ್ಲಿ 27 ಔಟ್, 3 ರನ್, 7 ಜನ ಉಳಿದಿದ್ದರೆ ಬಂದವರು 37. ಈ ಆಟದಲ್ಲಿ ಎರಡೂ ತಂಡಕ್ಕೆ ಔಟ್ 78, ರನ್ 1, ಅಲ್ಲಿಗೆ 79. ಅದಕ್ಕೆ ನಿಮ್ಮ ಹಾಳೆಯಲ್ಲಿ ಬೇಸ್‌ಗಳಲ್ಲಿ ಉಳಿದವರನ್ನು ಎಣಿಸಿ ಸೇರಿಸಿ. ಒಂದು ಹೆಚ್ಚು ಕಡಿಮೆ ಬಂದರೂ ಎಲ್ಲೋ ತಪ್ಪಿದೆ ಅಂತ ಅರ್ಥ, ಹೆಚ್ಚಾಗಿ ಡಬಲ್ ಪ್ಲೇ ಬರೆದ ಕಡೆ. ನನಗೆ ಮೊದಲ ಸಲ ಒಂದು ಕಡಿಮೆ ಬಂದಿತ್ತು, ಹುಡುಕಿದರೆ ಹುಡ್‌ನ ಸ್ಯಾಕ್ರಿಫೈಸ್ ಬರೆಯಲು ಮರೆತಿದ್ದೆ.

ಕೊನೆಯ ಕಂಬ

ಇಪ್ಪತ್ತಾರು ಮುಗಿದಾಗ ಸಂಜೆ 6.50. ಆಟಕ್ಕೆ ಹಿಡಿದದ್ದು 3 ಗಂಟೆ 50 ನಿಮಿಷ ಅಷ್ಟೇ. ಕತ್ತಲಾಗುತ್ತಿದೆ ಅಂತ ಮೆಕಾರ್ಮಿಕ್ ಆಟ ನಿಲ್ಲಿಸಿದರು. ಇನ್ನೊಂದೇ ಇನ್ನಿಂಗ್ಸ್ ಆಡೋಣ, 27 ಆದರೆ ಮೂರು ಪೂರ್ತಿ ಆಟ ಆಡಿದ ಹಾಗಾಗುತ್ತದೆ ಅಂತ ಓಲ್ಸನ್ ಬೇಡಿಕೊಂಡನಂತೆ, ಅಂಪೈರ್ ಒಪ್ಪಲಿಲ್ಲ. ಹಾಳೆಯಲ್ಲಿ 26ನೇ ಕಂಬ ಆದ ಮೇಲೆ ಎರಡು ಉದ್ದ ಗೆರೆ ಎಳೆದು, ‘ಕತ್ತಲು’ ಅಂತ ಬರೆಯಿರಿ. ಕಡೋರ್‌ಗೆ ಆಮೇಲೆ ಕೆಲವು ದಿನ ತಲೆ ಬಾಚಲು ಕೈ ಎತ್ತಲಾಗುತ್ತಿರಲಿಲ್ಲ ಅನ್ನುತ್ತಾರೆ.

ಒಂದು ಹಾಳೆ ಮುಗಿಸಿ ಕೈ ಪಳಗಿದ್ದರೆ ಮುಂದಿನ ಎರಡು ದಿನವನ್ನೂ ಬರೆದು ನೋಡಿ. ಬಾಸ್ಟನ್‌ನಲ್ಲಿ ಭಾನುವಾರ ಆಟಕ್ಕೆ ಕಾನೂನಿನ ಅಡ್ಡಿ ಇತ್ತು, ಹಾಗಾಗಿ ಬ್ರೂಕ್ಲಿನ್ ತಂಡ ರೈಲು ಹತ್ತಿ ಊರಿಗೆ ಹೋಗಿ ಮೇ 2ರಂದು ಫಿಲಡೆಲ್ಫಿಯಾ ವಿರುದ್ಧ ಆಡಿ, 13 ಇನ್ನಿಂಗ್ಸ್‌ನಲ್ಲಿ 4–3ಕ್ಕೆ ಸೋತಿತು. ಮತ್ತೆ ರೈಲು, ಮತ್ತೆ ಬಾಸ್ಟನ್. ಮೇ 3ರಂದು 19 ಇನ್ನಿಂಗ್ಸ್, 2–1ಕ್ಕೆ ಸೋಲು. ಮೂರು ದಿನದಲ್ಲಿ 58 ಇನ್ನಿಂಗ್ಸ್, ಒಂದೂ ಗೆಲುವಿಲ್ಲ. ಆದರೂ ಆ ವರ್ಷ ಮೇಜರ್ ಲೀಗ್‌ನ ಎರಡು ಭಾಗಗಳಲ್ಲಿ ಒಂದಾದ ನ್ಯಾಷನಲ್ ಲೀಗ್ ಗೆದ್ದದ್ದು ಇದೇ ಬ್ರೂಕ್ಲಿನ್ ತಂಡ. ಮೇ 3ರ ಹಾಳೆಗೆ 19 ಕಂಬ ಸಾಕು, ಎ4 ಅಡ್ಡ ಇಟ್ಟರೆ ಹಿಡಿಸುತ್ತದೆ.